ಗಣಕಯಂತ್ರದ ಕಾಯಕ: ನಮ್ಮ ಪ್ರೌಢಶಾಲೆಯ ಮಕ್ಕಳ ಮುಂದಿರುವ ದಾರಿಗಳು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನದಿಂದ ಮುಂದಿನ ಪ್ರವೇಶಗಳು ಮುಗಿಯುವವರೆಗೆ ದೊರೆಯುವ ಕಾಲ ಕೆಲವೇ ವಾರಗಳದು. ಆ ಅಲ್ಪಾವಧಿಯಲ್ಲಿ ನಮ್ಮ ಉಪಾಧ್ಯಾಯರ ಕೊಠಡಿಗೆ ಬರುವ ತಂದೆತಾಯಿಗಳು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಾರ್, ಹುಡುಗನ್ನ ಕಂಪ್ಯೂಟರ್‌ಗೆ ಹಾಕಬೇಕು ಅಂತಿದ್ದೀವಿ, ಎಲ್ಲಿಗೆ ಸೇರಿಸೋಣ?” ಕೇಳುವವರು ಕಾಮಾಕ್ಷಿಪಾಳ್ಯದ ಯಾವುದೋ ಶೆಡ್ಡಿನಲ್ಲಿ ಲೇತ್ ನಡೆಸುವವರು, ಪೌಡರ್ ಕೋಟಿಂಗ್ ಮಾಡುವವರು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು. ಅವರ ಬಳಿ ಇರುವ ಹಣ ಒಂದು ಸಲದ ಪ್ರಯತ್ನಕ್ಕೆ ಮಾತ್ರ ಸಾಕಾಗುವಂಥದು. ದಾರಿ ತಪ್ಪಿದರೆ ಎರಡನೆಯ ಸಲ ಪ್ರಯತ್ನಿಸುವ ಅನುಕೂಲ ಅವರಿಗಿಲ್ಲ. ಆದುದರಿಂದ ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಹೊಣೆಯರಿತ ಉತ್ತರವಾಗಿರಬೇಕು. ಮಾಹಿತಿ ತಂತ್ರಜ್ಞಾನವೆಂಬ ವೃತ್ತಿಗೆ ಪ್ರೌಢಶಾಲೆಯಿಂದ ಹೊರಡುವ ದಾರಿಗಳಾವುವು, ಯಾವುದು ಯಾರಿಗೆ ತಕ್ಕುದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಉದ್ಯಮ ನಮ್ಮ ನಗರದಲ್ಲಿ ಬೇರೂರಿದ ಬಗೆಯನ್ನು ಸಂಕ್ಷೇಪವಾಗಿ ನೆನೆಯಬಹುದು. ರಾಜ್ಯ ಸರ್ಕಾರವು ೧೯೭೬ರಲ್ಲಿ ಕಿಯೋನಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಆರ್. ಕೆ. ಬಾಳಿಗಾ ಅವರ ದೂರದೃಷ್ಟಿಯಿಂದ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಪುಣೆಯಲ್ಲಿ ೧೯೮೧ರಲ್ಲಿ ಹುಟ್ಟಿದ ಇನ್ಫೋಸಿಸ್ ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. ೧೯೯೭ರಲ್ಲಿ ಕರ್ನಾಟಕ ತನ್ನ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಆದರೆ ಈ ಬೆಳವಣಿಗೆಯ ಬಹುಭಾಗ ನಗರದ ದಕ್ಷಿಣ ಮತ್ತು ಪೂರ್ವದ ಅಂಚುಗಳಲ್ಲಿ ನಡೆಯಿತು. ಮಾಗಡಿ ರಸ್ತೆಯ ನಮಗೆ ಉಳಿದದ್ದು ಯಂತ್ರಗಳ ಸದ್ದು. ೨೦೨೩ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ಮೇಲೆ ಮಾಗಡಿ ರಸ್ತೆಯ ನಿಲ್ದಾಣದಲ್ಲಿ ಹತ್ತಿದವನು ಗಾಡಿ ಬದಲಿಸದೆ ಅಲ್ಲಿಗೆ ತಲಪಬಹುದಾಗಿದೆ. ಹಾದಿಯ ದೂರ ಅಷ್ಟರಮಟ್ಟಿಗೆ ತಗ್ಗಿದೆ. ವಿದ್ಯೆಯ ದೂರವನ್ನು ತಗ್ಗಿಸುವುದು ನಮ್ಮ ಪಾಲಿಗೆ ಬಿಟ್ಟ ಕೆಲಸ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಬೇಕು. ಗಣಕಯಂತ್ರದ ವೃತ್ತಿಯೆಂದರೆ ಗಾಜಿನ ಕಟ್ಟಡದಲ್ಲಿ ಕುಳಿತು ಮಾಡುವ ಕೆಲಸವೆಂದೇ ನಮ್ಮ ಮಕ್ಕಳು ಭಾವಿಸಿದ್ದಾರೆ. ಶಾಲೆಯಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುವ ಶೆಡ್ಡುಗಳಲ್ಲಿ ಸಿ.ಎನ್.ಸಿ. ಯಂತ್ರಗಳಿವೆ. ಸಿ.ಎನ್.ಸಿ. ಎಂದರೆ ಗಣಕದ ಆಜ್ಞೆಯಂತೆ ಲೋಹವನ್ನು ಕಡೆಯುವ ಲೇತ್ ಅಲ್ಲವೆ ಮಿಲ್ಲಿಂಗ್ ಯಂತ್ರ. ಅದಕ್ಕೆ ಕೊಡುವ ಆಜ್ಞೆಗಳ ಸಾಲೇ ಒಂದು ಪ್ರೋಗ್ರಾಂ. ‘ಜಿ ೦೦’ ಎಂದು ಬರೆದರೆ ಟೂಲ್ ಲೋಹವನ್ನು ಮುಟ್ಟದೆ ಅತಿ ವೇಗದಿಂದ ನಿಗದಿಯಾದ ಬಿಂದುವಿಗೆ ಸರಿಯುತ್ತದೆ; ‘ಜಿ ೦೧’ ಎಂದರೆ ಹೇಳಿದ ಗತಿಯಲ್ಲಿ ನೇರ ರೇಖೆಯಲ್ಲಿ ಕಡೆಯುತ್ತ ಸಾಗುತ್ತದೆ; ‘ಜಿ ೦೨’ ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕಂಸವನ್ನು ಕಡೆಯುತ್ತದೆ. ಎರಡನೆಯದನ್ನು ಬರೆಯಬೇಕಾದಲ್ಲಿ ಕೈತಪ್ಪಿ ಮೊದಲನೆಯದನ್ನು ಬರೆದರೆ ಟೂಲ್ ಜಾಬಿಗೆ ಢಿಕ್ಕಿ ಹೊಡೆದು ಮುರಿಯುತ್ತದೆ. ಆ ನಷ್ಟದ ಲೆಕ್ಕ ಮಾಲೀಕರಿಗೆ ಚೆನ್ನಾಗಿ ಗೊತ್ತು. ಲೇತ್‌ನಲ್ಲಿ ಎಕ್ಸ್ ಅಕ್ಷವು ಅಡ್ಡಳತೆಯನ್ನೂ ಝಡ್ ಅಕ್ಷವು ಉದ್ದಳತೆಯನ್ನೂ ಸೂಚಿಸುತ್ತವೆ. ಹತ್ತನೆಯ ತರಗತಿಯಲ್ಲಿ ನಾವು ಕಪ್ಪು ಹಲಗೆಯ ಮೇಲೆ ಕಲಿಸುವ ನಿರ್ದೇಶಾಂಕ ರೇಖಾಗಣಿತಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. “ಇದನ್ನು ಕಲಿತು ಏನು ಪ್ರಯೋಜನ” ಎಂದು ಕೇಳುವ ಬಾಲಕನನ್ನು ಅವನ ತಂದೆಯ ಶೆಡ್ಡಿಗೇ ಕರೆದೊಯ್ದು ತೋರಿಸಬಹುದು. ಒಂದೆರಡು ಸಲ ಹಾಗೆ ಮಾಡಿಯೂ ಇದ್ದೇನೆ. ತಂದೆ ಸಂಕೋಚಪಟ್ಟರು, ಮಗ ಮಾತ್ರ ಅಂದಿನಿಂದ ಗ್ರಾಫ್ ಹಾಳೆಯನ್ನು ಮಡಿಚಿ ಎಸೆಯುವುದನ್ನು ಬಿಟ್ಟ.

ಈ ದಾರಿಯನ್ನು ಹಿಡಿಯುವವರಿಗೆ ಸಮೀಪದಲ್ಲಿಯೇ ಒಂದು ಶ್ರೇಷ್ಠ ಸಂಸ್ಥೆಯಿದೆ. ರಾಜಾಜಿನಗರ ಕೈಗಾರಿಕಾ ವಸಾಹತಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ೧೯೭೨ರಲ್ಲಿ ಆರಂಭವಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಉಂಟು: ಮೂರು ವರ್ಷ ವ್ಯಾಸಂಗ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಗಣಕದಲ್ಲಿ ವಿನ್ಯಾಸ ಮಾಡುವುದನ್ನೂ ಯಂತ್ರದಲ್ಲಿ ಅದನ್ನು ಆಕಾರಕ್ಕೆ ತರುವುದನ್ನೂ ಅಲ್ಲಿ ಒಟ್ಟಿಗೆ ಕಲಿಯಬಹುದು. ಕಾಮಾಕ್ಷಿಪಾಳ್ಯದ ಮಕ್ಕಳು ಇಲ್ಲಿಗೆ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಹೋಗಬೇಕಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಶುದ್ಧ ತಂತ್ರಾಂಶದ ಕಡೆಗೆ ಒಲವುಳ್ಳವರಿಗೆ ಮೂರು ಬಾಗಿಲುಗಳಿವೆ. ಅತ್ಯಂತ ಹ್ರಸ್ವವಾದುದು ಐ.ಟಿ.ಐ.ಗಳ ‘ಕೋಪಾ’ ಎಂಬ ಒಂದು ವರ್ಷದ ತರಬೇತಿ. ಗಣಕ ನಿರ್ವಹಣೆ ಮತ್ತು ಪ್ರೋಗ್ರಾಮಿಂಗ್ ಸಹಾಯಕನ ಕೆಲಸಕ್ಕೆ ಅದು ಅಣಿಗೊಳಿಸುತ್ತದೆ. ಎರಡನೆಯದು ಪಾಲಿಟೆಕ್ನಿಕ್‌ಗಳ ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ. ಹದಿನೆಂಟು ಹತ್ತೊಂಬತ್ತರ ವಯಸ್ಸಿಗೆ ಕೈಯಲ್ಲಿ ಕಸುಬೊಂದು ಇರುತ್ತದೆ. ಓದು ಮುಂದುವರಿಸಬಯಸಿದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ಸೇರಬಹುದು. ಮೂರನೆಯದು ಎಲ್ಲರಿಗೂ ತಿಳಿದ ಪಿ.ಯು.ಸಿ. ದಾರಿ. ವಿಜ್ಞಾನ ಓದಿದವರು ಸಿ.ಇ.ಟಿ. ಬರೆದು ಎಂಜಿನಿಯರಿಂಗ್‌ಗೆ ಹೋಗುತ್ತಾರೆ, ಪಿ.ಯು.ಸಿ. ಮತ್ತು ಸಿ.ಇ.ಟಿ. ಅಂಕಗಳಿಗೆ ಸಮಭಾರ ಕೊಟ್ಟು ರ‍್ಯಾಂಕ್ ನಿರ್ಧರಿಸುತ್ತಾರೆ. ವಾಣಿಜ್ಯ ಓದಿದವರೂ ನಿರಾಶರಾಗಬೇಕಾಗಿಲ್ಲ. ಗಣಕವಿಜ್ಞಾನವನ್ನು ಒಂದು ವಿಷಯವಾಗಿ ಆರಿಸಿಕೊಂಡು ಮೂರು ವರ್ಷದ ಬಿ.ಸಿ.ಎ. ಪದವಿ ಪಡೆಯಬಹುದು. ವಿಪ್ರೋದಂಥ ಸಂಸ್ಥೆ ಬಿ.ಸಿ.ಎ. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಗೇ ಸ್ನಾತಕೋತ್ತರ ಓದಿಸುವ ಪರಿಪಾಠವನ್ನು ಇಟ್ಟುಕೊಂಡಿದೆ. ಇವಲ್ಲದೆ ಮದ್ರಾಸ್ ಐ.ಐ.ಟಿ. ೨೦೨೦ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಯನ್ನು ಮನೆಯಿಂದಲೇ ಓದಬಹುದು. ಬಡ ಕುಟುಂಬದವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು.

ಈ ದಾರಿಗಳಲ್ಲಿ ಬಹುಪಾಲಿಗೆ ಸಾಧಾರಣವಾದ ಕೀಲಿಕೈ ಗಣಿತ. ಹತ್ತರ ನಂತರ ಗಣಿತವನ್ನು ಕೈಬಿಟ್ಟ ಹುಡುಗನಿಗೆ ಎಂಜಿನಿಯರಿಂಗಿನ ಬಾಗಿಲು ಮುಚ್ಚುತ್ತದೆ. ಹದಿನೈದು ವರ್ಷದ ಮಗು ಗಣಿತದ ಭಯದಿಂದ ಮಾಡುವ ಆಯ್ಕೆಯ ಫಲ ಮೂವತ್ತರಲ್ಲಿ ಕಾಣಿಸಿಕೊಳ್ಳುತ್ತದೆ. ಆ ಭಯ ಹುಟ್ಟುವುದು ಎಂಟನೆಯ ತರಗತಿಯಲ್ಲಿ, ನಮ್ಮ ಕಣ್ಣೆದುರಿನಲ್ಲಿ.

ಕನ್ನಡ ಮಾಧ್ಯಮದ ಉಪಾಧ್ಯಾಯ ಮಿತ್ರರಿಗೆ ಒಂದು ಸೂಚನೆ. ಸಿ.ಇ.ಟಿ. ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. ೫ರಷ್ಟು, ಗ್ರಾಮಾಂತರದಲ್ಲಿ ಓದಿದವರಿಗೆ ಶೇ. ೧೫ರಷ್ಟು ಮೀಸಲಾತಿಯಿದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಕೊಡಬೇಕಾದವರು ನಾವೇ. ಮಕ್ಕಳು ಶಾಲೆ ಬಿಟ್ಟು ಎರಡು ವರ್ಷವಾದ ಮೇಲೆ, ಕೊನೆಯ ದಿನದ ಹಿಂದಿನ ಸಂಜೆ, ಬೆವರೊರಸಿಕೊಳ್ಳುತ್ತ ಓಡಿ ಬರುತ್ತಾರೆ. ಹತ್ತನೆಯ ತರಗತಿ ಮುಗಿಯುವಾಗಲೇ ಅದನ್ನು ಬರೆದುಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದುವರಿಯಲಾರೆ. ಹಲವು ವರ್ಷಗಳ ಹಿಂದೆ, ಯಂತ್ರಗಳಲ್ಲಿ ಅಪಾರ ಆಸಕ್ತಿಯಿದ್ದ ಒಬ್ಬ ವಿದ್ಯಾರ್ಥಿ ಡಿಪ್ಲೊಮಾಗೆ ಸೇರುವೆನೆಂದಾಗ, “ಇಷ್ಟು ಅಂಕ ಬಂದಿದೆ, ಪಿ.ಯು.ಸಿ.ಗೆ ಹೋಗು” ಎಂದು ಒತ್ತಾಯಿಸಿದೆ. ನನ್ನ ಮನಸ್ಸಿನಲ್ಲಿ ಡಿಪ್ಲೊಮಾ ಎಂಬುದು ಎರಡನೆಯ ದರ್ಜೆಯ ಓದಾಗಿತ್ತು. ಹುಡುಗ ದ್ವಿತೀಯ ಪಿ.ಯು.ಸಿ.ಯ ರಸಾಯನಶಾಸ್ತ್ರದಲ್ಲಿ ಎಡವಿದ. ಆಮೇಲೆ ‘ನೂರಕ್ಕೆ ನೂರು ಉದ್ಯೋಗ ಖಾತರಿ’ ಎಂದು ಜಾಹೀರಾತು ಕೊಟ್ಟ ಯಾವುದೋ ತರಬೇತಿ ಕೇಂದ್ರಕ್ಕೆ ತಂದೆ ಸಾಲ ತಂದು ಕಟ್ಟಿದರು. ಆರು ತಿಂಗಳಿಗೆ ಒಂದು ಪ್ರಮಾಣಪತ್ರ ಬಂದಿತು, ಕೆಲಸ ಬರಲಿಲ್ಲ. ಇಂದು ಅವನು ಒಂದು ಶೆಡ್ಡಿನಲ್ಲಿ ಸಿ.ಎನ್.ಸಿ. ಯಂತ್ರಕ್ಕೆ ಜಾಬ್ ಕೂರಿಸುತ್ತಾನೆ, ಪ್ರೋಗ್ರಾಂ ಬರೆಯುವವನು ಬೇರೆ. ಎದುರಾದಾಗ ಎಂದಿನ ಗೌರವದಿಂದಲೇ “ನಮಸ್ಕಾರ ಸಾರ್” ಎನ್ನುತ್ತಾನೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ಬಸವಜಯಂತಿಯ ವೇದಿಕೆಯಲ್ಲಿ ಎಷ್ಟೋ ಸಲ ಹೇಳಿದ್ದ ನಾನು, ಪ್ರವೇಶದ ಅರ್ಜಿ ಮುಂದಿದ್ದಾಗ ಅದನ್ನು ಮರೆತಿದ್ದೆ.

ಇಂಥ ಕೇಂದ್ರಗಳಿಗೆ ಹಣ ಕಟ್ಟುವ ಮೊದಲು ಉಚಿತವಾಗಿ ದೊರೆಯುವುದನ್ನು ನೋಡಬೇಕು. ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡದಲ್ಲಿಯೂ ಇವೆ. ಐ.ಐ.ಟಿ.ಗಳೂ ನಮ್ಮ ಭಾರತೀಯ ವಿಜ್ಞಾನ ಮಂದಿರವೂ ಕೂಡಿ ೨೦೦೩ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಉಪನ್ಯಾಸಗಳನ್ನು ಯಾರು ಬೇಕಾದರೂ ಕೇಳಬಹುದು.

“ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ, ಇನ್ನು ಈ ಓದಿಗೆ ಬೆಲೆಯೆಲ್ಲಿ?” ಎಂದು ಕೇಳುವವರಿದ್ದಾರೆ. ಆತಂಕ ನಿರಾಧಾರವಲ್ಲ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಾಧಾರಣ ಮಟ್ಟದ ಪ್ರೋಗ್ರಾಂಗಳನ್ನು ಯಂತ್ರವೇ ಬರೆದುಕೊಡುತ್ತಿದೆ. ೨೦೨೫ರ ಜುಲೈನಲ್ಲಿ ಟಿ.ಸಿ.ಎಸ್. ಸಂಸ್ಥೆ ತನ್ನ ಸಿಬ್ಬಂದಿಯಲ್ಲಿ ಶೇ. ೨ರಷ್ಟು, ಸುಮಾರು ೧೨,೦೦೦ ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಆದರೆ ಇಂಥದನ್ನು ನಾವು ಹಿಂದೆಯೂ ಕಂಡಿದ್ದೇವೆ. ಇಂಥ ಸ್ಮರಣ ಸಂಚಿಕೆಗಳನ್ನು ಒಂದು ಕಾಲಕ್ಕೆ ಮುದ್ರಣಾಲಯದ ಮೊಳೆ ಜೋಡಿಸುವವರು ಒಂದೊಂದೇ ಅಕ್ಷರವಾಗಿ ಕಟ್ಟುತ್ತಿದ್ದರು. ಗಣಕ ಬಂದು ಆ ಕಸುಬು ಹೋಯಿತು. ಅವರಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯನ್ನು ಕಲಿತವರು ಡಿ.ಟಿ.ಪಿ. ಕೆಲಸದಲ್ಲಿ ಮುಂದುವರಿದರು. ಅವರನ್ನು ಉಳಿಸಿದ್ದು ಬೆರಳಿನ ವೇಗಕ್ಕಿಂತ ಹೆಚ್ಚಾಗಿ ಒತ್ತಕ್ಷರ, ಕಾಗುಣಿತಗಳ ಅರಿವು. ಇಂದಿಗೂ ಯಂತ್ರ ಬರೆದುದರಲ್ಲಿ ತಪ್ಪು ಎಲ್ಲಿದೆಯೆಂದು ಹಿಡಿಯಬಲ್ಲವನಿಗೆ ಕೆಲಸವಿದೆ. ಕೇವಲ ನಕಲು ಮಾಡುವವನಿಗೆ ಇಲ್ಲವಾಗುತ್ತಿದೆ.

ಕನ್ನಡ ಬಲ್ಲವರಿಗೆ ಈ ಕ್ಷೇತ್ರದಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಅಳವಡಿಸಿದ್ದಾರೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಶರಣರ ಯಾವ ವಚನಗಳಲ್ಲಿ ಬಂದಿದೆಯೆಂಬುದನ್ನು ಕ್ಷಣಾರ್ಧದಲ್ಲಿ ತೋರಿಸುತ್ತದೆ. ಇದನ್ನು ಕಟ್ಟಲು ತಂತ್ರಾಂಶ ಬಲ್ಲವರೂ ಸಾಹಿತ್ಯ ಬಲ್ಲವರೂ ಜೊತೆಗೂಡಬೇಕಾಯಿತು. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದಾಗ ಮೊದಲು ಹುಡುಕಿದ್ದು ‘ಹಸಿವು’ ಎಂಬ ಪದವನ್ನು. ಮಧ್ಯಾಹ್ನದ ಊಟಕ್ಕೆ ಇನ್ನೂ ಗಂಟೆಯಾಗಿರಲಿಲ್ಲ.

ಕೊನೆಯದಾಗಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ವಿನಂತಿ. ತಾಂತ್ರಿಕ ಶಿಕ್ಷಣಕ್ಕೆ ಮಠಗಳು ಕೊಟ್ಟ ಕೊಡುಗೆ ಸಣ್ಣದಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದುದು ೧೯೬೩ರಲ್ಲಿ. ಮೈಸೂರಿನಲ್ಲಿ ಸುತ್ತೂರು ಮಠದ ಎಂಜಿನಿಯರಿಂಗ್ ಕಾಲೇಜೂ ಅದೇ ವರ್ಷದ್ದು. ನಮ್ಮ ಶಾಲೆಯ ಅಗತ್ಯ ಅಷ್ಟು ದೊಡ್ಡದಲ್ಲ. ಗಣಕಯಂತ್ರಗಳನ್ನು ಕೊಡುವವರು, ಶಿಲಾಫಲಕದ ಕೊಠಡಿ ಕಟ್ಟಿಸುವವರು ದೊರೆಯುತ್ತಾರೆ. ಸಂಜೆ ಏಳರವರೆಗೆ ಆ ಕೊಠಡಿಯನ್ನು ತೆರೆದಿಟ್ಟು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರ ಸಂಬಳಕ್ಕೆ ದಾನಿಗಳು ದೊರೆಯುವುದು ಕಷ್ಟ. ಮನೆಯಲ್ಲಿ ಗಣಕವಿಲ್ಲದ, ಸಂಜೆ ಹೊರಗೆ ಹೋಗಲು ಅಪ್ಪಣೆಯಿಲ್ಲದ ಹೆಣ್ಣುಮಕ್ಕಳಿಗೆ ಶಾಲೆಯ ಆ ಎರಡು ಗಂಟೆಗಳೇ ಆಧಾರ. ಹಾಗೆಯೇ ತಂತ್ರಾಂಶ ಸಂಸ್ಥೆಗಳಲ್ಲಿ, ಟೂಲ್ ರೂಮುಗಳಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಫಲಿತಾಂಶದ ನಂತರದ ಎರಡು ಶನಿವಾರಗಳನ್ನು ಬಿಡುವು ಮಾಡಿಕೊಂಡು ಬಂದು ತಂದೆತಾಯಿಗಳೊಡನೆ ಮಾತಾಡಬೇಕು. ಬರಲೊಪ್ಪುವವರು ತಮ್ಮ ಹೆಸರು, ಕೆಲಸದ ಸ್ವರೂಪ ಮತ್ತು ಬರಬಹುದಾದ ಹೊತ್ತನ್ನು ಮುಖ್ಯೋಪಾಧ್ಯಾಯರ ಕಚೇರಿಯಲ್ಲಿಟ್ಟಿರುವ ಪುಸ್ತಕದಲ್ಲಿ ಬರೆದು ಹೋಗಬೇಕಾಗಿ ಕೋರುತ್ತೇನೆ.