ಹತ್ತಿಗೆ ‘ಟಾನಿಕ್’ ಹೊಡೆಸೋ ಮುಂಚೆ ಕೇಳಬೇಕಾದ ಮೂರು ಪ್ರಶ್ನೆ

ನೀವು ಹಾಕ್ಕೊಂಡಿರೋ ಕಾಟನ್ ಶರ್ಟ್ 200 ಗ್ರಾಂ ತೂಗುತ್ತೆ ಅಂದ್ಕೊಳ್ಳಿ. ಅದರಲ್ಲಿ ಸುಮಾರು 85 ಗ್ರಾಂ ಇಂಗಾಲವೇ. ಅದು ಗೊಬ್ಬರದಿಂದ ಬಂದದ್ದಲ್ಲ. ಹತ್ತಿ ಗಿಡದ ಎಲೆಗಳು ಗಾಳಿಯಿಂದ ಎಳೆದುಕೊಂಡು, ಬಿಸಿಲಿನಲ್ಲಿ ಸಕ್ಕರೆ ಮಾಡಿದ್ದು.

ಈ ಸಕ್ಕರೆ ಗಿಡಕ್ಕೆ ಸಂಬಳ ಇದ್ದ ಹಾಗೆ. ಬೇರು, ಕಾಂಡ, ಎಲೆ, ಕಾಯಿ ಎಲ್ಲದರ ಖರ್ಚೂ ಅದರಲ್ಲೇ ನಡೀಬೇಕು. ಹತ್ತಿ ಮೂಲತಃ ಬಹುವಾರ್ಷಿಕ ಗಿಡ. ಮಳೆ ಚೆನ್ನಾಗಿ ಬಂದು, ಯೂರಿಯಾ ಜಾಸ್ತಿಯಾದರೆ ಸಕ್ಕರೆಯನ್ನೆಲ್ಲ ಕಾಂಡ, ಎಲೆಗೆ ಸುರಿದು ಎತ್ತರಕ್ಕೆ ಹೋಗುತ್ತೆ. ಕೆಳಗಿನ ಕೊಂಬೆಗೆ ಬಿಸಿಲು ಸಿಗದೆ ಮೊಗ್ಗು, ಎಳೆಗಾಯಿ ಉದುರುತ್ತವೆ.

ಔಷಧಿ ಮಾಡೋದೇನು?

ಮೆಪಿಕ್ವಾಟ್ ಕ್ಲೋರೈಡ್ ಗಿಡದೊಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನ್ ತಯಾರಾಗುವುದನ್ನು ತಗ್ಗಿಸುತ್ತೆ. ಗೆಣ್ಣುಗಳು ಹತ್ತಿರವಾಗಿ ಗಿಡ ಗಿಡ್ಡವಾಗುತ್ತೆ, ಎಲೆ ಕಡುಹಸಿರಾಗುತ್ತೆ, ಒಳಕ್ಕೆ ಬೆಳಕು ಇಳಿಯುತ್ತೆ. ಕಾಂಡಕ್ಕೆ ಹೋಗುತ್ತಿದ್ದ ಸಕ್ಕರೆಯ ಪಾಲು ಕಾಯಿ ಕಡೆ ತಿರುಗಬಹುದು. ಎನ್‌ಎಎ ಬೇರೆ ಕೆಲಸದ್ದು: ಮೊಗ್ಗು, ಕಾಯಿಯ ತೊಟ್ಟು ಕಳಚದಂತೆ ತಡೆಯುತ್ತೆ.

ಆದರೆ ಎರಡೂ ಗಿಡಕ್ಕೆ ಆಹಾರವಲ್ಲ. ಸಂಬಳ ಹೆಚ್ಚಿಸಲ್ಲ, ಖರ್ಚಿನ ಲೆಕ್ಕ ಬದಲಿಸುತ್ತವೆ ಅಷ್ಟೇ. ಮೋಡ ಕವಿದು ಸಕ್ಕರೆಯೇ ಕಮ್ಮಿಯಾದಾಗ ಗಿಡ ಸಾಕಲಾಗದ ಕಾಯಿಯನ್ನು ತಾನೇ ಉದುರಿಸುತ್ತೆ. ನೀರಿಲ್ಲದೆ ಸೊರಗಿದ ಗಿಡಕ್ಕೆ ಮೆಪಿಕ್ವಾಟ್ ಹೊಡೆದರೆ ಇರೋ ಬೆಳವಣಿಗೆಯೂ ನಿಂತು ಇಳುವರಿ ಇಳಿಯಬಹುದು. ಗಿಡ ಗಿಡ್ಡವಾದ ಮಾತ್ರಕ್ಕೆ ಹತ್ತಿ ಜಾಸ್ತಿ ಬರುತ್ತೆ ಅಂತಲೂ ಇಲ್ಲ.

ಊರಿಂದ ಫೋನ್ ಬಂದಾಗ

ಹಾವೇರಿಯೋ ರಾಯಚೂರೋ, ‘ಅಂಗಡಿಯವ್ರು ಟಾನಿಕ್ ಹೊಡೀರಿ ಅಂದಾರ, ಸ್ವಲ್ಪ ರೊಕ್ಕ ಹಾಕು’ ಅಂತ ಅಪ್ಪ ಫೋನ್ ಮಾಡಿದರೆ, ದುಡ್ಡು ಕಳಿಸೋ ಮುಂಚೆ ಇಷ್ಟು ಕೇಳಿ:

1. ಗಿಡ ನಿಜವಾಗಿ ಅತಿಯಾಗಿ ಬೆಳೀತಿದೆಯಾ, ಸಾಲು ಮುಚ್ಚಿದೆಯಾ?
2. ಹೊಲದಲ್ಲಿ ತೇವ ಇದೆಯಾ?
3. ಬಾಟಲಿ ಮೇಲೆ ಔಷಧಿಯ ಹೆಸರು, ಹತ್ತಿಗೆ ಎಷ್ಟು ಪ್ರಮಾಣ ಅಂತ ಬರೆದಿದೆಯಾ?

ಮೊದಲ ಎರಡಕ್ಕೆ ‘ಇಲ್ಲ’ ಅಂದರೆ ಬೆಳವಣಿಗೆ ತಡೆಯೋ ಔಷಧಿ ಬೇಡ. ಹೆಸರೇ ಇಲ್ಲದ ಬಾಟಲಿಯಂತೂ ಬೇಡವೇ ಬೇಡ. ಲೇಬಲ್ಲಿನ ಫೋಟೋ ತರಿಸಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೊಲ ಸಣ್ಣದಾಗಿದ್ದು ಆಳು ಸಿಕ್ಕರೆ, ಎತ್ತರ ತಡೆಯೋಕೆ ಕುಡಿ ಚಿವುಟೋ ಹಳೇ ರೂಢಿಯೂ ಇದೆ.