ಮಗಳ ಗಿಟಾರಿಗೆ ಪೆಡಲ್ ಕೊಡಿಸ್ತೀರಾ?

'ಅಮ್ಮಾ, ಡಿಸ್ಟಾರ್ಷನ್ ಪೆಡಲ್ ಬೇಕು' ಅಂತ ಮಗಳು ದುಂಬಾಲು ಬಿದ್ದಿದ್ದಾಳಾ? ಗಾಬರಿಯಾಗಬೇಡಿ. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಜೋಡಿಸಿ ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ ಅದು. ದನಿಯ ಅಲೆಗಳ ತುದಿ ಕತ್ತರಿಸಿ, ಹೆವಿ ಮೆಟಲ್‌ಗೆ ಬೇಕಾದ ಗರಗರ ಸದ್ದು ಕೊಡುತ್ತದೆ. 'ಹುಡುಗೀರಿಗ್ಯಾಕೆ ಈ ಗಲಾಟೆ' ಅನ್ನೋರ ಮಾತಿಗೆ ಕಿವಿಗೊಡಬೇಡಿ. ಆದರೆ ಕೊಳ್ಳುವ ಮುನ್ನ ಇಷ್ಟು ನೋಡಿ:

* ಮನೆಯ ಆಂಪ್‌ನಲ್ಲಿ 'ಗೇನ್' ಗುಂಡಿ ಇದ್ದರೆ ಮೊದಲು ಅದನ್ನೇ ಏರಿಸಿ ಕೇಳಿ. ಅದೇ ಸಾಕೆನಿಸಿದರೆ ದುಡ್ಡು ಉಳೀತು!

* ಓವರ್‌ಡ್ರೈವ್ ಪೆಡಲ್ ಸೌಮ್ಯ. ಮೆಟಲ್‌ಗೆ ಅದೊಂದೇ ಸಾಲದು.

* 1978ರಲ್ಲಿ ಬಂದ ಬಾಸ್ ಡಿಎಸ್-1ಗೆ ಮೂರೇ ಗುಂಡಿ, ಕಲಿಯೋರಿಗೆ ಸುಲಭ. 1991ರಲ್ಲಿ ಬಂದ ಮೆಟಲ್ ಝೋನ್ ಇನ್ನೂ ಖಾರ. ಆದರೆ ಅದರ 'ಮಿಡ್' ಪೂರ್ತಿ ಇಳಿಸಿದರೆ ಬ್ಯಾಂಡಿನ ಗದ್ದಲದಲ್ಲಿ ಮಗಳ ಗಿಟಾರ್ ಮುಳುಗಿಹೋಗುತ್ತದೆ.

* ಅಂಗಡಿಗೆ ಅವಳದೇ ಗಿಟಾರ್ ಒಯ್ದು, ನುಡಿಸಿ ನೋಡಲಿ.

* ಅಡಾಪ್ಟರ್‌ನ ವೋಲ್ಟೇಜ್, ಪ್ಲಸ್-ಮೈನಸ್ ಗುರುತು ಪೆಡಲ್ ಮೇಲಿನದಕ್ಕೆ ಹೊಂದಲೇಬೇಕು. ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿದರೆ ಪೆಡಲ್ ಸುಟ್ಟುಹೋದೀತು.

ಇನ್ನೊಂದು ಅನುಕೂಲ: ಆಂಪ್‌ನ ವಾಲ್ಯೂಮ್ ತಗ್ಗಿಸಿದರೂ ಗರಗರ ಉಳಿಯುತ್ತದೆ. ಮಗಳ ಕಿವಿಗೂ ಕ್ಷೇಮ, ಪಕ್ಕದ ಮನೆಯವರ ಜತೆ ಜಗಳವೂ ಇಲ್ಲ!