ರಮ್ಯಾ ‘ಹೋದ’ ದಿನ, ಸೂರಣಗಿಯ ಆ ರಾತ್ರಿ

2023ರ ಸೆಪ್ಟೆಂಬರ್ 6. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದೆ. ಚಹಾ ಅಂಗಡಿಯ ಹುಡುಗ ಮೊಬೈಲು ತಂದು ಮುಖಕ್ಕೇ ಹಿಡಿದ.

“ಅಣ್ಣಾರ, ರಮ್ಯಾ ಹೋದ್ರಂತ್ರೀ!”

ಎದೆ ಧಸಕ್ಕೆಂದಿತು. ‘ಅಭಿ’ ಚಿತ್ರದಲ್ಲಿ ಪುನೀತ್ ಜೋಡಿಯಾಗಿ ಬಂದ ರಮ್ಯಾ! ಶಾಲೆಯಲ್ಲಿ ನನ್ನ ಕಂಪಾಸ್ ಪೆಟ್ಟಿಗೆಯೊಳಗೆ ಆಕೆಯ ಫೋಟೋ ಇತ್ತು. ಜಿನೀವಾದಲ್ಲಿ ಹೃದಯಾಘಾತವಂತೆ... ಊರಿನ ಹೆಸರಿದೆ, ರೋಗದ ಹೆಸರಿದೆ, ಇನ್ನು ಸುಳ್ಳೆಲ್ಲಿಯದು? ನಾಲ್ಕು ವಾಟ್ಸಾಪ್ ಗುಂಪಿಗೆ ದಾಟಿಸಿಯೇ ಬಿಟ್ಟೆ. ಸಿನಿಮಾ ಬರೆಯುವವನಲ್ಲವೇ, ಸುದ್ದಿ ನಮ್ಮದೇ ಮೊದಲಾಗಬೇಕು!

ಮುಂಡರಗಿ ಮುಟ್ಟುವಷ್ಟರಲ್ಲಿ ಗೊತ್ತಾಯಿತು: ರಮ್ಯಾ ಆರಾಮಾಗಿದ್ದಾರೆ. ಧನ್ಯಾ ರಾಜೇಂದ್ರನ್ ಎಂಬ ಪತ್ರಕರ್ತೆ ನೇರ ರಮ್ಯಾಗೇ ಫೋನು ಹಚ್ಚಿ ಮಾತಾಡಿದ್ದರು. ಅಷ್ಟೇ ಕೆಲಸ!

ಹಿಂದಿನ ತಿಂಗಳಷ್ಟೇ ನಟ ವಿಜಯ ರಾಘವೇಂದ್ರರ ಪತ್ನಿ ಸ್ಪಂದನಾ ಬ್ಯಾಂಕಾಕಿನಲ್ಲಿ ತೀರಿಕೊಂಡಿದ್ದರು. ರಮ್ಯಾರ ಹೆಸರೂ ದಿವ್ಯ ಸ್ಪಂದನ. ಹೆಸರಿಗೆ ಹೆಸರು ಅಂಟಿತೋ ಏನೋ. ನಿನ್ನೆಯ ನಿಜದ ಹಾಗೇ ಕಾಣುವ ಸುಳ್ಳನ್ನು ನಾವು ಬೇಗ ನಂಬುತ್ತೇವೆ ನೋಡಿ.

ಅಂದಿನಿಂದ ಮೊಬೈಲಿನ ಸಾವಿನ ಸುದ್ದಿಯೆಂದರೆ ನಕ್ಕು ಬಿಡುವುದು ರೂಢಿಯಾಯಿತು. ಜಾಣನಾದೆ ಅಂದುಕೊಂಡೆ.

2024ರ ಜನವರಿ 8, ಯಶ್ ಹುಟ್ಟುಹಬ್ಬ. ಬೆಳಗ್ಗೆ ಬೆಟಗೇರಿಯ ಮನೆಯಲ್ಲಿ ಕಣ್ಣುಜ್ಜುತ್ತ ಮೊಬೈಲು ತೆಗೆದರೆ, ಕಟೌಟು ನಿಲ್ಲಿಸಲು ಹೋಗಿ ಮೂವರು ಹುಡುಗರು ಸತ್ತರಂತೆ. “ಯಾವುದೋ ಹಳೇ ಸುದ್ದಿ, ನಂಬಬ್ಯಾಡ್ರಿ” ಎಂದು ಗುಂಪಿನಲ್ಲಿ ಬರೆದು ಹಾಕಿದೆ. ಜೊತೆಗೊಂದು ನಗುವ ಗೊಂಬೆ.

ಅರ್ಧ ತಾಸಿನಲ್ಲಿ ಲಕ್ಷ್ಮೇಶ್ವರದ ಸೋದರಮಾವನ ಫೋನು.

“ಅಳಿಯಾ, ಏನ್ ಬರದೀಯೋ? ಸೂರಣಗಿ ನಮ್ಮ ತಾಲೂಕಿನ ಊರಪಾ. ರಾತ್ರಿನ ಆಗೇತಿ. ಬರಿಯೂಕಿಂತ ಮೊದಲ ನನಗೊಂದು ಫೋನ್ ಮಾಡಾಕ ಏನಾಗಿತ್ತು?”

ನಿಜವೇ ಆಗಿತ್ತು. ಮಧ್ಯರಾತ್ರಿ ಕಟೌಟು ಎತ್ತುವಾಗ ವಿದ್ಯುತ್ ತಂತಿ ತಗುಲಿ ಮೂವರು ಹೋಗಿದ್ದರು, ಮೂವರಿಗೆ ಗಾಯ. ಅಂದು ಸಂಜೆಯೇ ಯಶ್ ಸೂರಣಗಿಗೆ ಬಂದು ಆ ಮನೆಗಳ ಮುಂದೆ ನಿಂತರು.

ಜಿನೀವಾದ ಸುಳ್ಳು ನಂಬಿದೆ, ಮಗ್ಗುಲಿನ ನಿಜ ನಂಬಲಿಲ್ಲ. ಎರಡು ಸಲವೂ ಯಾರನ್ನೂ ಕೇಳಿರಲಿಲ್ಲ. ಈಗ “ಅಂತೆ” ಎಂದು ಬಂದರೆ ಕೇಳುತ್ತೇನೆ: ಕಣ್ಣಾರೆ ಕಂಡವರು ಯಾರು? ಯಾವ ತಾರೀಖು? ಆ ಊರಿನಲ್ಲಿ ನನಗೆ ಗುರುತಿನವರು ಯಾರಿದ್ದಾರೆ? ತಡವಾಗುತ್ತದೆ, ಬೇರೆಯವರು ಮೊದಲು ಬರೆಯುತ್ತಾರೆ. ಬರೆಯಲಿ ಬಿಡಿ.

ಬರೆದದ್ದನ್ನು ಅಂದೇ ಅಳಿಸಿದೆ. ಆದರೆ ಅದೇ ಗುಂಪಿನಲ್ಲಿ ಸೂರಣಗಿಯ ಹುಡುಗನೊಬ್ಬನಿದ್ದ. ಅವನು ಅಷ್ಟರಲ್ಲೇ ಓದಿದ್ದ.